ಈರಪ್ಪ ಯಾರು, ವೀರಭದ್ರಪ್ಪ ಯಾರು: ಒಂದು ಮರಣ ಪ್ರಮಾಣಪತ್ರ ತಿದ್ದುಪಡಿಯ ಪ್ರಕರಣ

ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಗಳಲ್ಲಿ ಯಾರಿಗಾದರೂ ಜೋರಾಗಿ ಆರಾಮ ತಪ್ಪಿದರೆ ಗಾಡಿ ಮಾಡಿಕೊಂಡು ಹುಬ್ಬಳ್ಳಿ ಇಲ್ಲವೇ ಧಾರವಾಡದ ಆಸ್ಪತ್ರೆಗೆ ಒಯ್ಯುವುದು ವಾಡಿಕೆ. ಗುಣವಾದವರು ಮನೆಗೆ ಬರುತ್ತಾರೆ. ಗುಣವಾಗದೆ ಹೋದವರ ಸಾವು ಅಲ್ಲೇ ನೋಂದಣಿಯಾಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ನಿಯಮ ಹಾಗೇ ಇದೆ: ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ, ಸತ್ತವರ ಸ್ವಂತ ಊರಲ್ಲಿ ಅಲ್ಲ. ಊರಲ್ಲೇ ತೀರಿಕೊಂಡರೆ ನೋಂದಣಿ ಬಹುಕಾಲ ಗ್ರಾಮ ಆಡಳಿತ ಅಧಿಕಾರಿಯ ಕೈಯಲ್ಲೇ ಇತ್ತು. ಅವರನ್ನು ನಮ್ಮ ಕಡೆ ಜನ ಈಗಲೂ ತಲಾಟಿ ಅಂತಲೇ ಕರೆಯುತ್ತಾರೆ. ತಲಾಟಿಗೆ ಆ ಮನೆತನ ಗೊತ್ತಿರುತ್ತದೆ, ಹೆಸರಿನಲ್ಲಿ ತಪ್ಪಾಗುವುದು ಕಡಿಮೆ. ದೂರದ ದೊಡ್ಡ ಊರಿನ ಆಸ್ಪತ್ರೆಗೆ, ಅಲ್ಲಿನ ನಗರಾಡಳಿತದ ಜನನ ಮರಣ ಶಾಖೆಗೆ ಸತ್ತವರು ಬರೀ ಒಂದು ಫಾರ್ಮಿನ ಮೇಲಿನ ಹೆಸರು ಅಷ್ಟೇ.

ಈ ಪ್ರಕರಣ ಅಂಥ ಒಂದು ಹೆಸರಿನದು. ನಾನು ಕೆಲವು ವರ್ಷ ಕೋರ್ಟಿನ ನಕಲು ಶಾಖೆಯಲ್ಲಿ ಕೆಲಸ ಮಾಡಿದವನು. ಈಗ ತಾಲೂಕು ಮಟ್ಟದಲ್ಲಿ ಕಾನೂನು ನೆರವಿನ ಸ್ವಯಂಸೇವಕ. ಪ್ರಕರಣ 2023ರ ಅಕ್ಟೋಬರ್ ನಂತರದ್ದು. ಇದರಲ್ಲಿ ಬರುವ ಹಳ್ಳಿ, ಆಸ್ಪತ್ರೆ, ಕಚೇರಿ ಯಾವುದೆಂದು ಬರೆಯುವುದಿಲ್ಲ. ಹೆಸರುಗಳನ್ನು ಬದಲಿಸಿದ್ದೇನೆ, ಗೊಂದಲದ ರೀತಿಯನ್ನು ಮಾತ್ರ ಹಾಗೇ ಉಳಿಸಿದ್ದೇನೆ.

ಹಿನ್ನೆಲೆ

ಗಂಗವ್ವ ಅರವತ್ತು ದಾಟಿದವರು. ಗಂಡ ವೀರಭದ್ರಪ್ಪನ ಹೆಸರಲ್ಲಿ ಸ್ವಲ್ಪ ಹೊಲ, ಅದರಲ್ಲಿ ಹತ್ತಿ ಮತ್ತು ಗೋವಿನಜೋಳ. ಪಹಣಿಯಲ್ಲಿ, ಆಧಾರ್‌ನಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹೆಸರು ವೀರಭದ್ರಪ್ಪ ಎಂದೇ ಇದೆ. ಆದರೆ ಊರಲ್ಲಿ ಯಾರೂ ಅವರನ್ನು ಹಾಗೆ ಕರೆದವರಲ್ಲ. ಈರಪ್ಪ ಅನ್ನುತ್ತಿದ್ದರು. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೀರಭದ್ರಪ್ಪ, ವೀರಪ್ಪ, ಈರಪ್ಪ, ಈರಭದ್ರ ಎಲ್ಲ ಒಬ್ಬನೇ ಮನುಷ್ಯ ಆಗಿರಬಹುದು. ನಾಲ್ಕು ಬೇರೆ ಮನುಷ್ಯರೂ ಆಗಿರಬಹುದು.

ಒಂದು ರಾತ್ರಿ ಅವರಿಗೆ ಎದೆನೋವು ಬಂತು. ಅಣ್ಣನ ಮಗ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ಆಧಾರ್ ಕಾರ್ಡ್ ಮನೆಯಲ್ಲೇ ಉಳಿದಿತ್ತು. ದಾಖಲು ಮಾಡಿಕೊಳ್ಳುವವರು ಹೆಸರು ಕೇಳಿದಾಗ ಆ ಹುಡುಗ ತಾನು ಹುಟ್ಟಿದಾಗಿನಿಂದ ಕೇಳಿದ ಹೆಸರನ್ನೇ ಹೇಳಿದ: ಈರಪ್ಪ, ತಂದೆ ಬಸಪ್ಪ. ಎರಡು ದಿನಕ್ಕೆ ಅವರು ತೀರಿಕೊಂಡರು. ಆಸ್ಪತ್ರೆಯವರು ಕೇಸ್ ಶೀಟಿನಲ್ಲಿದ್ದ ಹೆಸರನ್ನೇ ಮರಣ ವರದಿಯ ಫಾರ್ಮಿಗೆ ಇಳಿಸಿದರು. ಫಾರ್ಮ್ ನಗರಾಡಳಿತದ ಜನನ ಮರಣ ಶಾಖೆಗೆ ಹೋಯಿತು. ಪ್ರಮಾಣಪತ್ರ ಈರಪ್ಪನ ಹೆಸರಲ್ಲಿ ಬಂತು.

ಮಣ್ಣು, ದಿನಕರ್ಮ ಎಲ್ಲ ಮುಗಿದು ಎಷ್ಟೋ ದಿನಗಳ ಮೇಲೆ ವಾರಸಾ ಮಾಡಿಸಲು, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಹೋದಾಗಲೇ ಮನೆಯವರು ಆ ಕಾಗದವನ್ನು ಸರಿಯಾಗಿ ಓದಿಸಿದ್ದು. ತಲಾಟಿ ಪಹಣಿ ಒಂದು ಕೈಯಲ್ಲಿ, ಪ್ರಮಾಣಪತ್ರ ಇನ್ನೊಂದು ಕೈಯಲ್ಲಿ ಹಿಡಿದು, "ಯವ್ವಾ, ನಿಮ್ಮ ಯಜಮಾನ್ರು ಈರಪ್ಪ ಅಂತ ನನಗೂ ಗೊತ್ತೈತ್ರಿ. ಆದ್ರ ಹೊಲ ವೀರಭದ್ರಪ್ಪನ ಹೆಸರಿಗೆ ಐತಿ. ವೀರಭದ್ರಪ್ಪ ಸತ್ತಾನಂತ ಎಲ್ಲೂ ಕಾಗದ ಇಲ್ಲಲ್ರಿ" ಎಂದರು. ಅವರ ಮಾತು ನ್ಯಾಯವಾಗೇ ಇತ್ತು.

ಯಾಕೆ ಇದು ಸಣ್ಣ ತಪ್ಪಲ್ಲ

ಪಹಣಿ ಗಂಡನ ಹೆಸರಲ್ಲೇ ಉಳಿದರೆ ಸೊಸೈಟಿಯಲ್ಲಿ ಬೆಳೆಸಾಲ ಹೊಸದಾಗಿ ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಬಡ್ಡಿ ಇಲ್ಲದ ಬೆಳೆಸಾಲದ ಮಿತಿಯನ್ನು 2023ರ ಬಜೆಟ್‌ನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಗಂಗವ್ವನಂಥವರಿಗೆ ಪಹಣಿ ಅಂದರೆ ಆ ಸಾಲದ ಬಾಗಿಲು. ಬ್ಯಾಂಕಿನಲ್ಲಿದ್ದ ಸ್ವಲ್ಪ ದುಡ್ಡು ಕೂಡ ಅದೇ ಕಾರಣಕ್ಕೆ ಸಿಕ್ಕಿಕೊಂಡಿತ್ತು. ಮುಂಗಾರು ಹತ್ತಿರ ಬರುತ್ತಿತ್ತು.

ಅವರು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಾಂಡ್ ಪೇಪರಿನ ಮೇಲೆ "ಈರಪ್ಪ ಮತ್ತು ವೀರಭದ್ರಪ್ಪ ಒಬ್ಬರೇ" ಎಂದು ಅಫಿಡವಿಟ್ ಬರೆಸಿ, ನೋಟರಿ ಮಾಡಿಸಿ, ತಲಾಟಿಗೆ ಕೊಟ್ಟರು. ತಲಾಟಿ ತೆಗೆದುಕೊಳ್ಳಲಿಲ್ಲ. ಹೊಲ ಯಾರಿಗೆ ಬರಬೇಕೋ ಅವರೇ ಬರೆದುಕೊಟ್ಟ ಮಾತು ಅದು. ಅದನ್ನು ನಂಬಿ ಹಕ್ಕು ಬದಲಾಯಿಸಿದರೆ ನಾಳೆ ಇನ್ಯಾರೋ ಬದುಕಿರುವವರ ಹೊಲಕ್ಕೆ ಹೀಗೇ ಮಾಡಬಹುದು, ಅಲ್ವಾ?

ಆಮೇಲೆ ಆಸ್ಪತ್ರೆಗೆ ಹೋದರು. ಅಲ್ಲಿನ ದಾಖಲೆ ವಿಭಾಗದವರು, ವರದಿ ನಗರಾಡಳಿತಕ್ಕೆ ಹೋಗಿಬಿಟ್ಟಿದೆ, ಇನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ ಎಂದರು. ಜನನ ಮರಣ ಶಾಖೆಯ ಕೌಂಟರಿನಲ್ಲಿ, ಆಸ್ಪತ್ರೆಯವರು ಕಳಿಸಿದಂತೆ ನಾವು ಹಾಕಿದ್ದೇವೆ, ಬೇಕಿದ್ದರೆ ಅವರಿಂದ ಬೇರೆ ಪತ್ರ ತನ್ನಿ ಎಂದರು. ಇನ್ನೊಮ್ಮೆ ಹೋದಾಗ ಮಾತು ಇನ್ನೂ ಚಿಕ್ಕದಾಯಿತು: "ಇದು ಇಲ್ಲಿ ಆಗಲ್ರಿ ಅಮ್ಮಾರ, ಕೋರ್ಟ್ ಆರ್ಡರ್ ತಗೊಂಡು ಬರ್ರಿ."

ಆ ಕೌಂಟರಿನಲ್ಲಿ ಕೂತಿದ್ದ ದ್ವಿತೀಯ ದರ್ಜೆ ಸಹಾಯಕನ ಬಗ್ಗೆ ನಾನು ಕೆಟ್ಟದ್ದು ಬರೆಯಲಾರೆ. ದಿನವಿಡೀ ಕಿಟಕಿ ಮುಂದೆ ಸಾಲು. ಆಸ್ಪತ್ರೆಗಳಿಂದ ಬಂದ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಮಗುವಿನ ಹೆಸರು ಸೇರಿಸಲು ಬಂದವರು, ಹಳೆಯ ನೋಂದಣಿ ಹುಡುಕಿಸಲು ಬಂದವರು, ಪಾಸ್‌ಪೋರ್ಟಿಗೆ ಬೇಕು ಎಂದು ಅವಸರ ಮಾಡುವವರು ಎಲ್ಲ ಅಲ್ಲೇ. ಹೆಸರು ತಿದ್ದುವ ಕೆಲಸ ಅಂದರೆ ಆ ಮೇಜಿನವರಿಗೆ ಭಯ. ಸತ್ತವರ ಹೆಸರು ಬದಲಾದರೆ ಅದರ ಹಿಂದೆ ಆಸ್ತಿ ಬದಲಾಗುತ್ತದೆ. ತಪ್ಪು ನಡೆದರೆ ಇಲಾಖಾ ವಿಚಾರಣೆ ಬರುವುದು ಟಿಪ್ಪಣಿ ಬರೆದವನ ಮೇಲೆಯೇ. "ಕೋರ್ಟ್ ಆರ್ಡರ್ ತನ್ನಿ" ಅನ್ನುವುದು ಅಲ್ಲಿ ತಮ್ಮನ್ನು ತಾವು ಕಾಯ್ದುಕೊಳ್ಳುವ ಮಾತಾಗಿಬಿಟ್ಟಿದೆ. ಇದನ್ನು ಅರ್ಥ ಮಾಡಿಕೊಳ್ಳದೆ ಗುಮಾಸ್ತರನ್ನು ಬೈದರೆ ಕೆಲಸ ಒಂದಿಂಚೂ ಮುಂದೆ ಹೋಗುವುದಿಲ್ಲ.

ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ತಿದ್ದುಪಡಿ ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಕೌಂಟರಿನ ಗುಮಾಸ್ತರದ್ದಲ್ಲ. ಅದು ನೋಂದಣಾಧಿಕಾರಿಯದ್ದು. ಗುಮಾಸ್ತರ ಕೆಲಸ ಅರ್ಜಿ ತೆಗೆದುಕೊಂಡು, ದಾಖಲೆ ನೋಡಿ, ಟಿಪ್ಪಣಿ ಬರೆದು, ಕಡತವನ್ನು ಮೇಲಕ್ಕೆ ಕಳಿಸುವುದು. ಕೌಂಟರಿನಲ್ಲೇ ಬಾಯಿಮಾತಲ್ಲಿ "ಆಗಲ್ಲ" ಅಂದುಬಿಟ್ಟರೆ ಕಡತ ಹುಟ್ಟುವುದೇ ಇಲ್ಲ. ನೋಂದಣಾಧಿಕಾರಿಗೆ ಗಂಗವ್ವ ಎಂಬವರು ಬಂದು ಹೋದದ್ದೂ ಗೊತ್ತಾಗುವುದಿಲ್ಲ.

ಕೋರ್ಟಿನ ಫೈಲಿಂಗ್ ಕಿಟಕಿ

ಕೋರ್ಟ್ ಆರ್ಡರ್ ಎಂದಮೇಲೆ ಮನೆಯವರು ವಕೀಲರ ಹತ್ತಿರ ಹೋದರು. ವಕೀಲರ ಕಚೇರಿಯಲ್ಲಿ ಹಳೆಯ ನಮೂನೆಯ ಒಂದು ಅರ್ಜಿ ಇತ್ತು. ಹುಟ್ಟು ಸಾವು ನೋಂದಣಿ ಆಗದೆ ಒಂದು ವರ್ಷ ದಾಟಿದರೆ ಹಾಕುತ್ತಿದ್ದ ಅರ್ಜಿ ಅದು, ಕಾಯ್ದೆಯ 13(3)ನೇ ಕಲಮಿನ ಕೆಳಗೆ. ವರ್ಷಗಟ್ಟಲೆ ನಮ್ಮ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ಕೋರ್ಟುಗಳಲ್ಲಿ ಇಂಥ ಅರ್ಜಿಗಳು ರಾಶಿ ರಾಶಿ ಬರುತ್ತಿದ್ದವು. ಹೆಸರು, ದಿನಾಂಕ ಬದಲಿಸಿ ಅದನ್ನೇ ತಯಾರು ಮಾಡಿ ಫೈಲಿಂಗಿಗೆ ಕೊಟ್ಟರು.

ಪ್ರಕರಣದ ಮೊದಲ ತಿರುವು ಇಲ್ಲಿದೆ. ಅದನ್ನು ತಂದವರು ನ್ಯಾಯಾಧೀಶರಲ್ಲ, ವಕೀಲರೂ ಅಲ್ಲ. ಅರ್ಜಿ ಪರಿಶೀಲಿಸುವ ಮೇಜಿನಲ್ಲಿದ್ದ ಒಬ್ಬ ಹಿರಿಯ ಸಹಾಯಕಿ. ಅವರು ಅರ್ಜಿ ವಾಪಸ್ ಕೊಟ್ಟರು. ಸುಮ್ನೆ ಕೊಡಲಿಲ್ಲ. ಕಚೇರಿ ಆಕ್ಷೇಪಣೆಯ ಚೀಟಿಯಲ್ಲಿ ಮೂರು ಸಾಲು ಬರೆದು ಶಿರಸ್ತೇದಾರರ ಸಹಿ ಹಾಕಿಸಿ ಕೊಟ್ಟರು. ಮೊದಲನೆಯ ಸಾಲು: ಮರಣ ಈಗಾಗಲೇ ನೋಂದಣಿಯಾಗಿದೆ, ಆದ್ದರಿಂದ ತಡ ನೋಂದಣಿಯ ಕಲಮು ಅನ್ವಯಿಸುವುದಿಲ್ಲ. ಎರಡನೆಯದು: ತಡ ನೋಂದಣಿಯೇ ಆಗಿದ್ದರೂ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಇಲ್ಲವೇ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಹೋಗಿದೆ. ಮೂರನೆಯದು: ತಿದ್ದುಪಡಿಗೆ ಇರುವ ಕಾಯ್ದೆಯ 15ನೇ ಕಲಮಿನಡಿ ನೋಂದಣಾಧಿಕಾರಿಗೆ ಅರ್ಜಿ ಕೊಟ್ಟಿದ್ದಾರೆಯೇ, ಕೊಟ್ಟಿದ್ದರೆ ಅವರ ಹಿಂಬರಹ, ಅಂದರೆ ಲಿಖಿತ ಉತ್ತರ, ಎಲ್ಲಿ?

ಆ ಮೂರನೆಯ ಸಾಲೇ ಇಡೀ ಪ್ರಕರಣಕ್ಕೆ ದಾರಿ ತೋರಿಸಿತು. ಗಂಗವ್ವ ಆ ಕಚೇರಿಗೆ ಎಷ್ಟೋ ಸಲ ಹೋಗಿ ಬಂದಿದ್ದರು. ಆದರೆ ಅಲ್ಲಿಗೆ ಅವರು ಕೊಟ್ಟ ಒಂದು ಅರ್ಜಿಯೂ ಇರಲಿಲ್ಲ. ಅವರಿಗೆ ಅಲ್ಲಿಂದ ಬಂದ ಒಂದು ಕಾಗದವೂ ಇರಲಿಲ್ಲ. ಬಂದು ಹೋದದ್ದಕ್ಕೆ ಸಾಕ್ಷಿಯೇ ಇಲ್ಲ.

ವಕೀಲರ ಮುಂದೆ ಇನ್ನೊಂದು ದಾರಿ ಇತ್ತು. ಈರಪ್ಪ, ವೀರಭದ್ರಪ್ಪ ಒಬ್ಬರೇ ಎಂದು ಕೋರ್ಟಿನಿಂದ ಹೇಳಿಸಲು ಸಿವಿಲ್ ಕೋರ್ಟಿನಲ್ಲಿ ಘೋಷಣೆಯ ದಾವೆ ಹಾಕುವುದು. ಸರ್ಕಾರಿ ಅಧಿಕಾರಿಯ ಮೇಲೆ ದಾವೆ ಹಾಕಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಡಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಕೇಳಬಹುದು, ಅದು ಬೇರೆ ಮಾತು. ಆಮೇಲೆ ಸಮನ್ಸು, ಹಾಜರಿ, ಸಾಕ್ಷಿ, ತೀರ್ಪು. ಹೊಲದ ಬಗ್ಗೆ ಅಣ್ಣತಮ್ಮಂದಿರಲ್ಲಿ ಜಗಳವಿದ್ದರೆ ಆ ದಾರಿ ಬೇಕೇ ಬೇಕು. ಇಲ್ಲಿ ಜಗಳವೇ ಇರಲಿಲ್ಲ. ವಕೀಲರೇ ಇದನ್ನು ಗಂಗವ್ವನಿಗೆ ಬಿಡಿಸಿ ಹೇಳಿ, ಆಕ್ಷೇಪಣೆ ಚೀಟಿ ಸಮೇತ ಕಾನೂನು ನೆರವಿನ ಕಡೆ ಕಳಿಸಿದರು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾಯ್ದೆಯಲ್ಲೇ ಅದು ಇದೆ. ಫೀಸು ಬಿಟ್ಟು ಸರಿಯಾದ ಬಾಗಿಲು ತೋರಿಸಿದ ಆ ವಕೀಲರ ಬಗ್ಗೆ ನನಗೆ ಗೌರವವಿದೆ.

ಆವಕ ನಂಬರು ಬಿದ್ದಮೇಲೆ

ನಾವು ಒಂದೇ ಪುಟದ ಅರ್ಜಿ ಬರೆದೆವು. ಕಷ್ಟಸುಖ ಏನೂ ಬರೆಯಲಿಲ್ಲ. ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ, ಈಗ ಇರುವ ಹೆಸರು, ಇರಬೇಕಾದ ಹೆಸರು, ತಪ್ಪು ಹೇಗಾಯಿತು. ಕೊನೆಗೆ ಒಂದು ವಾಕ್ಯ: "ತಿದ್ದುಪಡಿ ಸಾಧ್ಯವಿಲ್ಲದಿದ್ದಲ್ಲಿ ಕಾರಣ ಸಹಿತ ಲಿಖಿತ ಹಿಂಬರಹ ನೀಡಬೇಕಾಗಿ ವಿನಂತಿ." ಅದನ್ನು ಕೌಂಟರಿನಲ್ಲಿ ಕೊಡದೆ ಟಪಾಲು ಶಾಖೆಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಆವಕ ನಂಬರು (ಕಚೇರಿಗೆ ಬಂದ ಕಾಗದಕ್ಕೆ ಹಾಕುವ ನಂಬರು) ಮತ್ತು ಸೀಲು ಹಾಕಿಸಿಕೊಂಡೆವು.

ಆ ಕೊನೆಯ ವಾಕ್ಯಕ್ಕೆ 2023ರ ತಿದ್ದುಪಡಿಯ ನಂತರ ತೂಕ ಜಾಸ್ತಿಯಾಗಿದೆ. ಆಗ ಸೇರಿಸಿದ 25ಎ ಕಲಮಿನ ಪ್ರಕಾರ ನೋಂದಣಾಧಿಕಾರಿಯ ಕ್ರಮ ಅಥವಾ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅವರು 90 ದಿನದೊಳಗೆ ತೀರ್ಮಾನ ಕೊಡಬೇಕು. ಕೈಯಲ್ಲಿ ಕಾಗದವೇ ಇಲ್ಲದಿದ್ದರೆ ಆ 30 ದಿನವನ್ನು ಯಾವ ದಿನದಿಂದ ಎಣಿಸುವುದು? ಬಾಯಿಮಾತಿನ ನಿರಾಕರಣೆ ಬಡವರಿಂದ ಈ ಮೇಲ್ಮನವಿಯ ದಾರಿಯನ್ನೂ ಕಿತ್ತುಕೊಳ್ಳುತ್ತದೆ. ಇದು ನನ್ನನ್ನು ಬಹಳ ಕಾಡಿದ ವಿಷಯ.

ಆವಕ ನಂಬರು ಬಿದ್ದ ಕೂಡಲೇ ಅದೇ ಶಾಖೆ ಬೇರೆ ರೀತಿ ನಡೆದುಕೊಂಡಿತು. ಅರ್ಜಿ ಅದೇ ದ್ವಿತೀಯ ದರ್ಜೆ ಸಹಾಯಕನ ಮೇಜಿಗೇ ಬಂತು. ಈಗ ಅದು ಅವನ ವಿಷಯ ವಹಿಯಲ್ಲಿ ಒಂದು ಸಾಲು. ಅದನ್ನು ಮುಗಿಸಬೇಕು, ಇಲ್ಲವೇ ಬಾಕಿ ತೋರಿಸಬೇಕು. ಅವನು ಮೊದಲು ಮಾಡಿದ ಕೆಲಸ ಆಸ್ಪತ್ರೆ ಕಳಿಸಿದ ಮೂಲ ಫಾರ್ಮನ್ನು ಕಟ್ಟಿನಿಂದ ತೆಗೆಸಿದ್ದು. ಅವನ ಬುದ್ಧಿವಂತಿಕೆ ನನಗೆ ಕಂಡದ್ದು ಆಗಲೇ.

ಯಾಕೆಂದರೆ ಮುಂದಿನ ದಾರಿ ಆ ಫಾರ್ಮಿನ ಮೇಲೆ ನಿಂತಿರುತ್ತದೆ. ಮರಣದ ವರದಿ ನಮೂನೆ 2ರಲ್ಲಿ ಬರುತ್ತದೆ. ನಮೂನೆ 2ರಲ್ಲಿ ವೀರಭದ್ರಪ್ಪ ಎಂದಿದ್ದು ರಿಜಿಸ್ಟರಿಗೆ ಏರಿಸುವಾಗ ಈರಪ್ಪ ಆಗಿದ್ದರೆ ಅದು ಕಚೇರಿಯ ಬರವಣಿಗೆಯ ತಪ್ಪು. ಅಂಥದ್ದನ್ನು ನೋಂದಣಾಧಿಕಾರಿ ತಾವೇ ಖಚಿತ ಮಾಡಿಕೊಂಡು ಸರಿಪಡಿಸಬಹುದು. ನಮೂನೆ 2ರಲ್ಲೇ ಈರಪ್ಪ ಎಂದಿದ್ದರೆ ಅದು ವಿಷಯದ ತಪ್ಪು. ಅದಕ್ಕೆ ನಿಯಮಗಳಲ್ಲಿ ಬೇರೆ ವಿಧಾನವಿದೆ. ತಪ್ಪೇನು, ನಿಜ ಏನು ಎಂದು ವಿವರಿಸಿ, ಸಂಗತಿ ಗೊತ್ತಿರುವ ಇಬ್ಬರು ನಂಬಲರ್ಹ ವ್ಯಕ್ತಿಗಳು ಘೋಷಣೆ ಕೊಡಬೇಕು. ಅದನ್ನು ಆಧರಿಸಿ ನೋಂದಣಾಧಿಕಾರಿ ತಿದ್ದಬಹುದು.

ಇಲ್ಲಿ ನಮೂನೆ 2ರಲ್ಲೇ ಈರಪ್ಪ ಎಂದಿತ್ತು. ಅಂದರೆ ಎರಡನೆಯ ದಾರಿ. ಕೋರ್ಟ್ ಆದೇಶ ಬೇಕು ಎಂದು ಆ ನಿಯಮದಲ್ಲಿ ಎಲ್ಲೂ ಇಲ್ಲ.

ಶಾಖೆಯಲ್ಲಿ ಆಗ ಒಂದು ಚರ್ಚೆ ನಡೆಯಿತು. ಮೇಲಿನ ಪ್ರಥಮ ದರ್ಜೆ ಸಹಾಯಕರು ತಹಶೀಲ್ದಾರರಿಗೆ ಪತ್ರ ಬರೆದು ವರದಿ ತರಿಸೋಣ ಎಂದರಂತೆ. ಅದು ಸುರಕ್ಷಿತ ದಾರಿ, ಆದರೆ ಬೇರೆ ಜಿಲ್ಲೆಯ ಕಚೇರಿಗೆ ಪತ್ರ ಹೋಗಿ, ಅಲ್ಲಿಂದ ತಲಾಟಿಗೆ ಇಳಿದು, ವರದಿ ತಿರುಗಿ ಬರುವಷ್ಟರಲ್ಲಿ ಹಂಗಾಮು ಮುಗಿದಿರುತ್ತಿತ್ತು. ಕಿರಿಯ ಸಹಾಯಕ ತನ್ನ ಟಿಪ್ಪಣಿಯಲ್ಲಿ ಬೇರೆ ಸಲಹೆ ಬರೆದ. ನಿಯಮ ಕೇಳುವುದು ಇಬ್ಬರ ಘೋಷಣೆ. ಮೊದಲು ಅದನ್ನು ಪಡೆಯೋಣ, ಅನುಮಾನ ಉಳಿದರೆ ಮಾತ್ರ ತಹಶೀಲ್ದಾರರಿಗೆ ಬರೆಯೋಣ. ನೋಂದಣಾಧಿಕಾರಿ ಅದನ್ನೇ ಒಪ್ಪಿದರು. ಕೌಂಟರಿನಲ್ಲಿ "ಆಗಲ್ಲ" ಅಂದಿದ್ದ ಹುಡುಗನೇ ಕಡತದಲ್ಲಿ ಆಗುವ ದಾರಿ ಬರೆದ. ಮನುಷ್ಯ ಅವನೇ. ಮುಂದೆ ಕಾಗದ ಇತ್ತು, ತೀರ್ಮಾನದ ಹೊಣೆ ಸಹಿ ಮಾಡುವವರ ಹೆಗಲಿಗೆ ಹೋಗಿತ್ತು, ಅಷ್ಟೇ.

ಇಬ್ಬರು ಈರಪ್ಪಂದಿರು

ಘೋಷಣೆಗೆ ಜನರನ್ನು ಹುಡುಕುವಾಗ ಮನೆಯವರು ಮೊದಲು ಹೇಳಿದ್ದು ಗಂಗವ್ವನ ತಮ್ಮ ಮತ್ತು ಅಳಿಯನ ಹೆಸರು. ಇಬ್ಬರೂ ಒಳ್ಳೆಯವರೇ. ಆದರೆ ಹೊಲ ಗಂಗವ್ವನ ಹೆಸರಿಗೆ ಬಂದರೆ ಅವರಿಗೂ ಅನುಕೂಲ. ಸಹಾಯಕ ಅದನ್ನು ಒಪ್ಪಲಿಲ್ಲ. "ಇದರಾಗ ಏನೂ ಸಿಗಲಾರದವರನ್ನ ಕರ್ಕೊಂಡು ಬರ್ರಿ" ಎಂದ. ಸಾಕ್ಷಿ ಹೇಗಿರಬೇಕು ಎಂದು ಇದಕ್ಕಿಂತ ಸರಳವಾಗಿ ಯಾರೂ ಹೇಳಲಾರರು.

ಆಮೇಲೆ ಅವನು ಇನ್ನೊಂದು ಪ್ರಶ್ನೆ ಕೇಳಿದ. ನಿಮ್ಮ ಮನೆತನದಲ್ಲಿ ಬೇರೆ ಈರಪ್ಪ ಇದ್ದಾರಾ?

ಇದ್ದರು. ಸತ್ತವರ ದೊಡ್ಡಪ್ಪನ ಮಗ, ಹೆಸರು ಈರಪ್ಪ. ಅವರ ತಂದೆಯ ಹೆಸರು ಬಸವಂತಪ್ಪ, ಊರವರ ಬಾಯಲ್ಲಿ ಅವರೂ ಬಸಪ್ಪನೇ. ಅಡ್ಡಹೆಸರು ಒಂದೇ, ಓಣಿ ಒಂದೇ, ವಯಸ್ಸಲ್ಲಿ ಹೆಚ್ಚು ಅಂತರವಿಲ್ಲ. ಹಿರಿಯರ ಹೆಸರನ್ನು ಅಣ್ಣತಮ್ಮಂದಿರಿಬ್ಬರೂ ತಮ್ಮ ಮಕ್ಕಳಿಗೆ ಇಟ್ಟದ್ದರಿಂದ ಹೀಗಾಗಿತ್ತು. ಅಂದರೆ ಆ ಮರಣ ಪ್ರಮಾಣಪತ್ರವನ್ನು ಬೇರೆ ಊರಿನವರು ಓದಿದರೆ ಸತ್ತವರು ಈ ಈರಪ್ಪ ಎಂದೇ ತಿಳಿಯುತ್ತಾರೆ. ಬದುಕಿರುವ ಮನುಷ್ಯ ಕಾಗದದ ಮೇಲೆ ಸತ್ತುಹೋಗಿದ್ದರು.

ಕಚೇರಿಯವರ ಎಚ್ಚರಿಕೆಗೆ ಎಷ್ಟು ಅರ್ಥವಿತ್ತು ಎಂಬುದು ಮನೆಯವರಿಗೆ ತಿಳಿದದ್ದು ಆಗ. ಅಲ್ಲಿಯವರೆಗೆ ಅವರಿಗೆ ಅದು ಬರೀ ಕಾಡಿಸುವಿಕೆ ಅನ್ನಿಸಿತ್ತು. ಬರೀ ಅಫಿಡವಿಟ್ ನಂಬಿ ಪಹಣಿ ಬದಲಿಸಿದ್ದರೆ ಮುಂದೊಂದು ದಿನ ಯಾರಾದರೂ ಅದೇ ಪ್ರಮಾಣಪತ್ರ ಹಿಡಿದು ಬದುಕಿರುವ ಈರಪ್ಪನ ಹೊಲಕ್ಕೂ ವಾರಸಾ ಕೇಳಬಹುದಿತ್ತು. ತಪ್ಪಿದ್ದದ್ದು ಎಚ್ಚರಿಕೆಯಲ್ಲಿ ಅಲ್ಲ, ಅದನ್ನು ಬರೆದು ಹೇಳದೆ ಜನರನ್ನು ತಿರುಗಿಸಿದ್ದರಲ್ಲಿ.

ದಾಯಾದಿ ಈರಪ್ಪ ತಾವೇ ಮುಂದೆ ಬಂದರು. ತಮ್ಮ ಆಧಾರ್, ತಮ್ಮ ಪಹಣಿ ಹಿಡಿದುಕೊಂಡು ಬಸ್ಸಿನಲ್ಲಿ ಗಂಗವ್ವನ ಜೊತೆ ಬಂದು ನೋಂದಣಾಧಿಕಾರಿಯ ಮುಂದೆ ನಿಂತರು. "ಸಾಹೇಬ್ರ, ನಾನ ಆ ಇನ್ನೊಬ್ಬ ಈರಪ್ಪ. ನಾ ಇನ್ನೂ ಅದೀನ್ರಿ" ಎಂದರು. ಅವರ ಹೇಳಿಕೆ ಬರೆಸಿಕೊಂಡು ಕಡತದಲ್ಲಿ ಇಟ್ಟರು. ಆದರೆ ಇಬ್ಬರು ಘೋಷಕರಲ್ಲಿ ಒಬ್ಬರಾಗಿ ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವರ ಹೊಲ ಗಂಗವ್ವನ ಹೊಲಕ್ಕೆ ಹತ್ತಿಕೊಂಡೇ ಇತ್ತು, ಸಂಬಂಧವೂ ಹತ್ತಿರದ್ದು. ಇದು ಸರಿಯಾದ ತೀರ್ಮಾನ ಎಂದು ನನ್ನ ಅಭಿಪ್ರಾಯ.

ಘೋಷಣೆ ಕೊಟ್ಟವರು ಊರಿನ ನಿವೃತ್ತ ಕನ್ನಡ ಶಾಲೆ ಮಾಸ್ತರು ಮತ್ತು ಸೊಸೈಟಿಯ ಹಳೆಯ ಕಾರ್ಯದರ್ಶಿ. ಕಾರ್ಯದರ್ಶಿ ಬಂದಾಗ ಬರಿಗೈಲಿ ಬರಲಿಲ್ಲ. ಸೊಸೈಟಿಯ ಸದಸ್ಯರ ವಹಿಯಲ್ಲಿ ವರ್ಷಗಳ ಹಿಂದೆ ಬರೆದ ಒಂದು ಸಾಲಿತ್ತು: "ವೀರಭದ್ರಪ್ಪ ಊರ್ಫ್ ಈರಪ್ಪ, ತಂದೆ ಬಸಪ್ಪ." ಪಕ್ಕದಲ್ಲಿ ಹೆಬ್ಬೆಟ್ಟು. ಕೆಳಗಿನ ಸಾಲುಗಳಲ್ಲಿ ಇನ್ನೊಬ್ಬ ಸದಸ್ಯ: "ಈರಪ್ಪ, ತಂದೆ ಬಸವಂತಪ್ಪ." ಯಾವುದೋ ಕಾಲದ ಗುಮಾಸ್ತರೊಬ್ಬರು ಇಬ್ಬರನ್ನೂ ಬೇರೆ ಮಾಡಿ ತೋರಿಸಲು ಊರ್ಫ್ ಎಂದು ಬರೆದಿದ್ದರು. ಆಗ ಯಾರಿಗೂ ವಾರಸಾ ಬೇಕಿರಲಿಲ್ಲ, ಯಾರೂ ಸತ್ತಿರಲಿಲ್ಲ. ಆ ಸಾಲಿಗೆ ಅಷ್ಟು ಬೆಲೆ ಬಂದದ್ದೇ ಅದಕ್ಕೆ. ಬೇಕಾದಾಗ ಮಾಡಿಸಿದ ನೂರು ಅಫಿಡವಿಟ್‌ಗಿಂತ ಬೇಡದಿದ್ದಾಗ ಬರೆದಿಟ್ಟ ಒಂದು ಸಾಲು ನೋಂದಣಾಧಿಕಾರಿಯ ಮನಸ್ಸಿಗೆ ಒಪ್ಪಿಗೆಯಾಯಿತು. ಮೂಲ ವಹಿ ನೋಡಿ, ದೃಢೀಕರಿಸಿದ ಪ್ರತಿ ಪಡೆದರು.

ಹೆಸರನ್ನು ಏನೆಂದು ಬರೆಯುವುದು

ಕೊನೆಗೆ ಒಂದು ಸೂಕ್ಷ್ಮ ಪ್ರಶ್ನೆ ಉಳಿಯಿತು. ಈರಪ್ಪ ಎಂಬುದನ್ನು ತೆಗೆದು ಬರೀ ವೀರಭದ್ರಪ್ಪ ಎಂದು ಮಾಡಬೇಕೋ, ಎರಡೂ ಇರಬೇಕೋ? ಅರ್ಜಿಯಲ್ಲಿ ನಾವು ಕೇಳಿದ್ದು ಬರೀ ವೀರಭದ್ರಪ್ಪ ಎಂದು. ಸಹಾಯಕ ಕಡತದಲ್ಲಿ ಒಂದು ಮಾತು ಎತ್ತಿದ. ಆಸ್ಪತ್ರೆಯ ಬಿಲ್ಲು, ಕೇಸ್ ಶೀಟು, ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಎಲ್ಲವೂ ಈರಪ್ಪನ ಹೆಸರಲ್ಲಿವೆ. ನಾಳೆ ವಿಮೆಯದೋ ಬೇರೆ ಯಾವುದೋ ಹಣ ಕೇಳಲು ಹೋದರೆ ಆ ಕಾಗದಗಳಿಗೂ ಈ ಪ್ರಮಾಣಪತ್ರಕ್ಕೂ ಸಂಬಂಧ ತಪ್ಪಿಹೋಗುತ್ತದೆ, ಮತ್ತೆ ಇದೇ ತಿರುಗಾಟ. ಹೀಗಾಗಿ "ವೀರಭದ್ರಪ್ಪ ಊರ್ಫ್ ಈರಪ್ಪ" ಎಂದು ತಿದ್ದಲು ತೀರ್ಮಾನವಾಯಿತು. ಗಂಗವ್ವನಿಂದ ಅದಕ್ಕೆ ಒಪ್ಪಿಗೆ ಬರೆಸಿಕೊಂಡರು.

ತಿದ್ದುವ ರೀತಿಯೂ ಗಮನಿಸಬೇಕಾದದ್ದು. 15ನೇ ಕಲಮಿನಂತೆ ಮೂಲ ದಾಖಲೆಯನ್ನು ಅಳಿಸುವಂತಿಲ್ಲ. ಅಂಚಿನಲ್ಲಿ ತಿದ್ದುಪಡಿ ಬರೆದು, ನೋಂದಣಾಧಿಕಾರಿ ಸಹಿ ಮಾಡಿ, ತಾರೀಕು ಹಾಕಬೇಕು. ಮೊದಲು ಏನಿತ್ತು, ಯಾರು, ಯಾವತ್ತು ಬದಲಿಸಿದರು ಎಂಬುದು ಮುಂದೆ ನೋಡುವವರಿಗೆ ಕಾಣುತ್ತದೆ. ಮೋಸವಾದರೆ ಹಿಡಿಯಲು ಅದೇ ದಾರಿ. ಹೊಸ ಪ್ರಮಾಣಪತ್ರ ಕೈಗೆ ಬಂದಾಗ ಗಂಗವ್ವ ಓದಲು ಬಾರದಿದ್ದರೂ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಮೊಮ್ಮಗಳಿಂದ ಹೆಸರನ್ನು ಎರಡು ಸಲ ಓದಿಸಿದರು.

ಆದದ್ದು, ಆಗದೆ ಉಳಿದದ್ದು

ವಾರಸಾ ಆಯಿತು. ಪಹಣಿಯಲ್ಲಿ ಗಂಗವ್ವ ಮತ್ತು ಮಕ್ಕಳ ಹೆಸರು ಬಂತು. ಬ್ಯಾಂಕಿನ ದುಡ್ಡೂ ಕೈಸೇರಿತು. ಆದರೆ ಮುಂಗಾರು ಕಾಯಲಿಲ್ಲ. ಸೊಸೈಟಿ ಸಾಲ ಆ ಹಂಗಾಮಿಗೆ ಸಿಗಲಿಲ್ಲ. ಬೀಜ ಗೊಬ್ಬರಕ್ಕೆ ಅಡತಿ ಅಂಗಡಿಯಲ್ಲಿ ಬಡ್ಡಿಗೆ ಸಾಲ ಮಾಡಬೇಕಾಯಿತು, ಬಂದ ಹತ್ತಿಯನ್ನು ಅದೇ ಅಂಗಡಿಗೆ ಹಾಕಬೇಕಾಯಿತು. ತಿದ್ದುಪಡಿಗೆ ಖರ್ಚಾದದ್ದು ಬಸ್ ಚಾರ್ಜು ಮತ್ತು ಝೆರಾಕ್ಸು ಮಾತ್ರ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಿಜವಾದ ಖರ್ಚು ಆ ಬಡ್ಡಿ. ಕೌಂಟರಿನಲ್ಲಿ ಮೊದಲ ದಿನವೇ "ಅರ್ಜಿ ಕೊಡ್ರಿ, ಇಬ್ಬರ ಘೋಷಣೆ ತರ್ರಿ" ಅಂದಿದ್ದರೆ ಆ ಸಾಲ ಆಗುತ್ತಲೇ ಇರಲಿಲ್ಲ.

ಈ ಪ್ರಕರಣದ ನಂತರ ನಮ್ಮ ಕೆಲಸದ ರೀತಿ ಬದಲಾಗಿದೆ. ಹೆಸರು ತಿದ್ದುಪಡಿ ಎಂದು ಯಾರೇ ಬಂದರೂ ಅಫಿಡವಿಟ್ ಬರೆಸುವ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: ಮೂಲ ಫಾರ್ಮಿನಲ್ಲಿ ಏನಿದೆ? ಅದು ಗೊತ್ತಿಲ್ಲದಿದ್ದರೆ 17ನೇ ಕಲಮಿನಡಿ ನೋಂದಣಿ ಹುಡುಕಿಸಿ ಅದರ ಪ್ರಮಾಣಪತ್ರ ಕೇಳಿಸುತ್ತೇವೆ. ಅದರಲ್ಲಿ ಸಾವಿನ ಕಾರಣ ಬರುವುದಿಲ್ಲ. ಫಾರ್ಮಿನ ಪ್ರತಿಯನ್ನೇ ನೋಡಬೇಕಾದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿಸುತ್ತೇವೆ. ಆಮೇಲೆ ಮನೆತನದಲ್ಲಿ ಅದೇ ಹೆಸರಿನ ಇನ್ನೊಬ್ಬರು ಇದ್ದಾರೆಯೇ ಎಂದು ನಾವೇ ಮೊದಲು ಕೇಳಿ ಅರ್ಜಿಯಲ್ಲೇ ಬರೆದುಬಿಡುತ್ತೇವೆ. ಮುಚ್ಚಿಟ್ಟರೆ ಕಚೇರಿಗೆ ಅನುಮಾನ ಬರುತ್ತದೆ, ಮುಂಚೆಯೇ ಹೇಳಿದರೆ ಅವರ ಅರ್ಧ ಕೆಲಸ ಹಗುರವಾಗುತ್ತದೆ. ಹಳೆಯ ಕಾಗದಕ್ಕಾಗಿ ಸೊಸೈಟಿ ವಹಿ, ಶಾಲೆಯ ದಾಖಲಾತಿ ರಿಜಿಸ್ಟರು, ಹಳೆಯ ಮತದಾರರ ಪಟ್ಟಿ ಹುಡುಕಿಸುತ್ತೇವೆ.

ಗುಮಾಸ್ತರ ಜೊತೆ ಮಾತಾಡುವ ರೀತಿಯೂ ಬದಲಾಗಿದೆ. "ಮಾಡಿಕೊಡಿ" ಎಂದು ಒತ್ತಾಯ ಮಾಡುವುದಿಲ್ಲ. "ಆಗದಿದ್ದರೆ ಹಿಂಬರಹ ಕೊಡಿ" ಎನ್ನುತ್ತೇವೆ. ಹಿಂಬರಹ ಬರೆಯಬೇಕಾದರೆ ನಿಯಮ ತೆಗೆದು ನೋಡಬೇಕು. ನೋಡಿದವರಲ್ಲಿ ಎಷ್ಟೋ ಜನ ಹಿಂಬರಹದ ಬದಲು ಟಿಪ್ಪಣಿ ಬರೆಯಲು ಶುರು ಮಾಡುತ್ತಾರೆ. ಆ ಸಹಾಯಕ ಈಗ ತನ್ನ ಕೌಂಟರಿನ ಗಾಜಿಗೆ ಒಂದು ಹಾಳೆ ಅಂಟಿಸಿದ್ದಾನೆ. ಮೇಲೆ "ಹೆಸರು ತಿದ್ದುಪಡಿಗೆ" ಎಂದು ದೊಡ್ಡ ಅಕ್ಷರ. ಕೆಳಗೆ ಎರಡು ಗುಂಪು: ಕಚೇರಿಯ ತಪ್ಪಾದರೆ ಏನು ತರಬೇಕು, ಫಾರ್ಮಿನ ತಪ್ಪಾದರೆ ಏನು ತರಬೇಕು. ಯಾರೂ ಆದೇಶ ಮಾಡಿದ್ದಲ್ಲ, ಅವನೇ ಬರೆದು ಸಾಹೇಬರಿಂದ ಸಹಿ ಹಾಕಿಸಿದ್ದು.

ಬದಲಾಗದೆ ಉಳಿದದ್ದು ಆಸ್ಪತ್ರೆಯ ದಾಖಲಾತಿ ಮೇಜು. ರಾತ್ರಿ ಹೊತ್ತು ರೋಗಿಯನ್ನು ತಂದವರು ಗಾಬರಿಯಲ್ಲಿ ಹೇಳಿದ ಹೆಸರೇ ಮರಣ ವರದಿಯವರೆಗೂ ಹೋಗುತ್ತದೆ. ವರದಿ ಕಳಿಸುವ ಮುಂಚೆ ಮನೆಯವರ ಮುಂದೆ ಒಮ್ಮೆ ಓದಿ, ಆಧಾರ್ ಜೊತೆ ಹೋಲಿಸಿ ನೋಡಿ ಎಂದು ನಾವು ಕೆಲವು ಆಸ್ಪತ್ರೆಗಳಿಗೆ ಪತ್ರ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಹೆಣ ತರಲು ಹೋಗುವವರಿಗೆ ಹಳ್ಳಿಯ ಸಭೆಗಳಲ್ಲಿ ನಾವೇ ಹೇಳುತ್ತಿದ್ದೇವೆ: ಬಿಲ್ಲು ಕಟ್ಟುವಾಗಲೇ ಮರಣ ವರದಿಯಲ್ಲಿ ಹೆಸರು ಏನೆಂದು ಬರೆದಿದ್ದಾರೆ ಕೇಳಿ, ಆಧಾರ್ ಕಾರ್ಡ್ ತರಿಸಿ ತೋರಿಸಿ, ಫಾರ್ಮ್ ಕಚೇರಿಗೆ ಹೋಗುವ ಮೊದಲೇ ಸರಿಪಡಿಸಿಕೊಳ್ಳಿ. ದುಃಖದಲ್ಲಿದ್ದವರಿಗೆ ಇದನ್ನು ಹೇಳುವುದು ಕಷ್ಟ. ಹಾಗಾಗಿ ಮನೆಯವರ ಬದಲು ಜೊತೆಗೆ ಬಂದ ನೆರೆಯವರೊಬ್ಬರಿಗೆ ಆ ಜವಾಬ್ದಾರಿ ಕೊಡಿ ಎನ್ನುತ್ತೇವೆ.